ಹಿತ್ತಲಲ್ಲಿ ಹಳೇ ಕಾರು ನಿಲ್ಲಿಸಿಕೊಂಡಿರುವವರಿಗೆ ಒಂದು ಬಹಿರಂಗ ಪತ್ರ

ಕೊಟ್ಟಿಗೆಯ ಮೂಲೆಯಲ್ಲೋ, ಹಲಸಿನ ಮರದ ಬುಡದಲ್ಲೋ, ಹರಿದ ಟಾರ್ಪಾಲಿನ ಕೆಳಗೋ ಒಂದು ಹಳೇ ಕಾರನ್ನು ನಿಲ್ಲಿಸಿಕೊಂಡಿರುವ ಎಲ್ಲರಿಗೂ ನಮಸ್ಕಾರ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಕಾರು ಮಾತ್ರ ಗೊತ್ತು. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಅಡಿಕೆ ಸಿಪ್ಪೆಯ ರಾಶಿ, ಅದರ ಹಿಂದೆ ಒಂದು ದುಂಡನೆಯ ಬೆನ್ನು, ಬೆನ್ನಿನ ಮೇಲೆ ಒಣಗಲು ಹಾಕಿದ ಗೋಣಿಚೀಲ. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿಬಿಡುತ್ತದೆ. ಇನ್ನೆರಡು ಸ್ಟಾಪು ದಾಟುವವರೆಗೂ ತಲೆಯಲ್ಲಿ ಅದೇ ಕೊರೆಯುತ್ತಿರುತ್ತದೆ. ಮಾರಿಸ್ಸಾ? ಲ್ಯಾಂಡ್‌ಮಾಸ್ಟರಾ? ಬಾಗಿಲು ಎರಡೇ ಇತ್ತಲ್ವಾ? ಪಕ್ಕದಲ್ಲಿ ಹೆಂಡತಿ ಇದ್ದರೆ "ಇಳಿದು ನೋಡ್ಕೊಂಡು ಬನ್ನಿ, ನಾನು ಊರಿಗೆ ಹೋಗಿರ್ತೀನಿ" ಅನ್ನುತ್ತಾಳೆ. ಒಂದು ಸಲ ನಿಜವಾಗಿಯೂ ಇಳಿದಿದ್ದೇನೆ.

ನಾನು ದೊಡ್ಡ ಸಂಗ್ರಹಕಾರನೇನಲ್ಲ. ನನ್ನ ಹತ್ತಿರ ಇರುವುದು ಒಂದೇ ಒಂದು ಹಳೇ ಫಿಯಟ್. ಅದೂ ವರ್ಷದಲ್ಲಿ ಆರು ತಿಂಗಳು ಮಿಸ್ತ್ರಿ ಮನೆಯಲ್ಲೇ ಇರುತ್ತದೆ. ನನ್ನ ಹುಚ್ಚು ಬೇರೆ. ಗುರುತು ಹಿಡಿಯುವ ಹುಚ್ಚು. ತುಕ್ಕು ಹಿಡಿದು ಬಿದ್ದಿರುವ ಕಬ್ಬಿಣ ನೋಡಿ, ಇದು ಯಾವ ಕಂಪನಿಯದು, ಯಾವ ವರ್ಷದ್ದು, ಎಲ್ಲಿ ಜೋಡಿಸಿದ್ದು, ಇದರಲ್ಲಿ ಎಷ್ಟು ಭಾಗ ಹುಟ್ಟಿನಿಂದ ಬಂದದ್ದು ಅಂತ ಹೇಳುವುದು. ಕೆಲವರು ಹಕ್ಕಿ ನೋಡಲು ಹೋಗುತ್ತಾರಲ್ಲ, ಹಾಗೆ.

ಈ ಪತ್ರದಲ್ಲಿ ನಾನು ಕೇಳುವುದು ಒಂದೇ. ಆ ಕಾರನ್ನು ಗುಜರಿಗೆ ಹಾಕುವ ಮೊದಲು ಅದು ಯಾವುದು ಅಂತ ತಿಳಿದುಕೊಳ್ಳಿ. ಅದರ ಕಾಗದಪತ್ರ ಮನೆಯಲ್ಲಿ ಎಲ್ಲಿದೆ ಹುಡುಕಿ. ಆಮೇಲೆ ಕಾರನ್ನೂ ಕಾಗದವನ್ನೂ ಒಟ್ಟಿಗೇ ಇಡಿ. ಮಾರುವುದಾದರೆ ಒಟ್ಟಿಗೇ ಮಾರಿ. ಮಾರಬೇಡಿ ಅಂತ ನಾನು ಹೇಳುತ್ತಿಲ್ಲ. ಜಾಗ ಬೇಕು, ದುಡ್ಡು ಬೇಕು, ಇಲಿ ಕಾಟ ಜಾಸ್ತಿಯಾಗಿದೆ. ಎಲ್ಲವೂ ನ್ಯಾಯವೇ. ಎರಡನ್ನೂ ಬೇರೆ ಮಾಡಬೇಡಿ, ಅಷ್ಟೇ.

ನಮ್ಮ ಮನೆಯಲ್ಲಿ ಬೇರೆ ಮಾಡಿದರು. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ತರೀಕೆರೆ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಅವರ ಹತ್ತಿರ 1965ರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಎರಡು ಬಾಗಿಲಿನದು. ಈಗಿನವರಿಗೆ ಹೆರಾಲ್ಡ್ ಅಂದರೆ ಗೊತ್ತಾಗುವುದಿಲ್ಲ. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಅಂತ ಬಂದ ಕಾರು. ರೂಪ ಕೊಟ್ಟವನು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. 1961ರಿಂದ ಮದ್ರಾಸಿನಲ್ಲಿ ಅದನ್ನೇ ಸ್ಟ್ಯಾಂಡರ್ಡ್ ಅನ್ನುವ ಹೆಸರಲ್ಲಿ ತಯಾರಿಸಿದರು. 948 ಸಿಸಿ ಎಂಜಿನ್. ಅದರ ದೊಡ್ಡ ಸೊಗಸು ಅಂದರೆ ಬಾನೆಟ್. ಬಾನೆಟ್ ಅಂತೀನಿ, ಆದರೆ ಎರಡೂ ಪಕ್ಕದ ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಕಾರಿನ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಮಿಸ್ತ್ರಿ ಆರಾಮಾಗಿ ಮುಂದಿನ ಟೈರಿನ ಮೇಲೆ ಕೂತು ಬೀಡಿ ಹಚ್ಚಿ ಕಾರ್ಬ್ಯುರೇಟರ್ ಬಿಚ್ಚುತ್ತಿದ್ದ. (ಬೀಡಿ ಹಚ್ಚಿಕೊಂಡು ಕಾರ್ಬ್ಯುರೇಟರ್ ಬಿಚ್ಚಬಾರದು. ಆದರೆ ಅವನು ಹಾಗೇ ಮಾಡುತ್ತಿದ್ದದ್ದು.) ಸ್ಟೇರಿಂಗ್ ಎಷ್ಟು ತಿರುಗುತ್ತಿತ್ತು ಅಂದರೆ, ಅಡಿಕೆ ಒಣಗಿಸುವ ಅಂಗಳದಲ್ಲೇ ದೊಡ್ಡಪ್ಪ ಕಾರನ್ನು ಒಂದೇ ಸುತ್ತಿಗೆ ಹಿಂದೆಮುಂದೆ ಮಾಡಿ ನಿಲ್ಲಿಸುತ್ತಿದ್ದರು.

1993ರಲ್ಲಿ ಅದು ಗುಜರಿಗೆ ಹೋಯಿತು. ನಾನು ಆಗ ಹಾಸ್ಟೆಲಿನಲ್ಲಿದ್ದೆ. ರಜೆಗೆ ಬಂದರೆ ಕೊಟ್ಟಿಗೆ ಖಾಲಿ. ನೆಲದ ಮೇಲೆ ನಾಲ್ಕು ಇಟ್ಟಿಗೆಯ ಗುರುತು, ನಡುವೆ ಆಯಿಲ್ ಕಲೆ. ತೂಕದ ಲೆಕ್ಕದಲ್ಲಿ ಕೊಟ್ಟರಂತೆ. ಬಂದವನು ಕಾಗದ ಕೇಳಲಿಲ್ಲ, ಇವರು ಕೊಡಲಿಲ್ಲ. ಹತ್ತು ವರ್ಷ ಕಳೆದು ದೊಡ್ಡಪ್ಪ ಹೋದ ಮೇಲೆ ಅವರ ಟ್ರಂಕು ತೆಗೆದೆವು. ಜಮೀನಿನ ಪತ್ರ, ಪಹಣಿಗಳ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹೆರಾಲ್ಡಿನ ಆರ್‌ಸಿ ಪುಸ್ತಕ. ಆಗಿನದು ಕಾರ್ಡಲ್ಲ, ನಿಜವಾದ ಪುಸ್ತಕ. ಚಾಸಿ ನಂಬರು, ಎಂಜಿನ್ ನಂಬರು, ಬಣ್ಣ, ಮೊದಲ ಮಾಲೀಕರ ಹೆಸರು, ತೆರಿಗೆ ಕಟ್ಟಿದ ಮುದ್ರೆಗಳು. ಎಲ್ಲ ಇದೆ. ಕಾರು ಮಾತ್ರ ಇಲ್ಲ.

ಈಗ ಗುರುತು ಹಿಡಿಯುವ ವಿಷಯಕ್ಕೆ ಬರೋಣ. "ನಮ್ಮ ಕಾರು ಯಾವುದು ಅಂತ ನಮಗೆ ಗೊತ್ತಿಲ್ವಾ?" ಅಂತ ನೀವು ಕೇಳಬಹುದು. ಬೇಜಾರಾಗಬೇಡಿ, ಎಷ್ಟೋ ಸಲ ಗೊತ್ತಿರುವುದಿಲ್ಲ.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಅಲ್ಲಿ ಒಂದು ಜೀಪು ಇದೆ, ಬಂದು ನೋಡಿ ಅಂತ ಪರಿಚಯದವರೊಬ್ಬರು ಹೇಳಿದರು. ಹೋದೆ. ತೋಟದ ಯಜಮಾನರಿಗೆ ಎಪ್ಪತ್ತು ದಾಟಿದೆ. "ಅರವತ್ತರ ದಶಕದ ಮಹೀಂದ್ರ, ನೋಡುವಂಥದ್ದೇನಿಲ್ಲ" ಅಂದರು. ಜೀಪಿನ ಮೇಲೆ ಮೆಣಸಿನ ಬಳ್ಳಿ ಹಬ್ಬಿತ್ತು. ಬಳ್ಳಿ ಸರಿಸಿ ಮೊದಲು ಎಣಿಸಿದ್ದು ಮುಂದಿನ ಗ್ರಿಲ್ಲಿನ ಸೀಳು. ನಾಗರಿಕರಿಗೆ ಅಂತ ಮಾಡಿದ ಜೀಪಿಗೆ ಏಳು ಸೀಳು. ಎರಡನೇ ಮಹಾಯುದ್ಧದ ಜೀಪಿನ ಒತ್ತಿದ ತಗಡಿನ ಗ್ರಿಲ್ಲಿಗೆ ಒಂಬತ್ತು. ಇಲ್ಲಿ ಒಂಬತ್ತಿತ್ತು.

ಒಂಬತ್ತು ಕಂಡ ಕೂಡಲೇ ಕುಣಿಯಬಾರದು. ಆ ಗ್ರಿಲ್ಲು ಈಗ ಹೊಸದಾಗಿ ಮಾಡಿಯೂ ಮಾರುತ್ತಾರೆ. ಬಾನೆಟ್ ಎತ್ತಿದೆ. ಹೆಡ್‌ಲೈಟಿನ ಹಿಂದೆ ಒಂದು ಚಿಟ್ಟೆ ನಟ್ಟು. ಸೀಮೆಎಣ್ಣೆ ಹಾಕಿ ಕಾಲು ಗಂಟೆ ಬಿಟ್ಟು ತಿರುಗಿಸಿದರೆ ಸಡಿಲವಾಯಿತು. ಹೆಡ್‌ಲೈಟು ಕೀಲಿನ ಮೇಲೆ ಹಿಂದಕ್ಕೆ ಮಗುಚಿ ಎಂಜಿನ್ ಕಡೆ ಮುಖ ಮಾಡಿತು. ರಾತ್ರಿ ಹೊತ್ತು ರಿಪೇರಿ ಮಾಡುವ ಸೈನಿಕನಿಗೆ ಬೆಳಕು ಬೇಕಲ್ವಾ, ಅದಕ್ಕೆ ಮಾಡಿದ ವ್ಯವಸ್ಥೆ. ಯುದ್ಧದ ಜೀಪು ಅನ್ನುವುದು ಗಟ್ಟಿಯಾಯಿತು. ಇನ್ನು ಯಾರದ್ದು? ಆ ಜೀಪನ್ನು ಅಮೆರಿಕದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಕಂಪನಿ ಮಾಡಿದವು. ಎರಡೂ ಸೇರಿ ಆರು ಲಕ್ಷಕ್ಕೂ ಜಾಸ್ತಿ. ಮೇಲ್ನೋಟಕ್ಕೆ ಅವಳಿ ಜವಳಿ. ನೆಲಕ್ಕೆ ಗೋಣಿ ಹಾಸಿ ಮಲಗಿ ರೇಡಿಯೇಟರಿನ ಕೆಳಗೆ ಕೈ ಹಾಕಿದೆ. ಚಾಸಿಯ ಎರಡು ಉದ್ದ ತೊಲೆಗಳನ್ನು ಮುಂದೆ ಜೋಡಿಸುವ ಅಡ್ಡ ಪಟ್ಟಿ ವಿಲ್ಲಿಸ್‌ನಲ್ಲಿ ದುಂಡು ಕೊಳವೆ. ಫೋರ್ಡ್‌ನಲ್ಲಿ ಬೋರಲು ಹಾಕಿದ ದೋಣಿಯ ಹಾಗೆ. ಕೈಗೆ ಸಿಕ್ಕಿದ್ದು ದೋಣಿ. ಆಮೇಲೆ ಒಂದು ಬೋಲ್ಟಿನ ತಲೆ ಉಜ್ಜಿದೆ. ಅದರ ಮೇಲೆ ಸಣ್ಣದಾಗಿ 'ಎಫ್' ಅಕ್ಷರ. ಫೋರ್ಡ್ ತಾನು ಮಾಡಿದ ಬಿಡಿಭಾಗಗಳ ಮೇಲೆಲ್ಲ, ಬೋಲ್ಟಿನ ಮೇಲೆ ಸಹ, ಹೆಸರಿನ ಮೊದಲ ಅಕ್ಷರ ಒತ್ತುತ್ತಿತ್ತು.

ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ, ಹಿಂದಿನ ಸೀಟು ಯಾವುದೋ ವ್ಯಾನಿನದು. ನಮ್ಮ ಕಡೆಯ ಜೀಪುಗಳೆಲ್ಲ ಹಾಗೇ, ಚಿತ್ರಾನ್ನ. ಆದರೆ ಮೂಲ ದೇಹ ಫೋರ್ಡ್. ಎದ್ದು ಬಂದು ಯಜಮಾನರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ಅಪ್ಪ ಯಾವಾಗ್ಲೂ ಇದು ಮಿಲಿಟರಿ ಹರಾಜಿನಲ್ಲಿ ತಂದಿದ್ದು, ಯುದ್ಧ ನೋಡಿದ ಗಾಡಿ ಅಂತಿದ್ರು. ನಾವು ಮಕ್ಕಳೆಲ್ಲ ಸೇರಿ ನಗ್ತಿದ್ವಿ. ಸುಮ್ನೆ ಕೊಚ್ಕೊಳ್ತಾರೆ ಅನ್ಕೊಂಡಿದ್ವಿ."

ಆ ಬೋಲ್ಟನ್ನು ಅವರು ಇನ್ನೊಮ್ಮೆ ಬಗ್ಗಿ ನೋಡಿದರು. ಕನ್ನಡಕ ತರಿಸಿಕೊಂಡು ಮತ್ತೆ ನೋಡಿದರು. ನನಗೆ ಈ ಹುಚ್ಚು ಯಾಕೆ ಅಂತ ಯಾರಾದರೂ ಕೇಳಿದರೆ ಆ ಮುಖ ನೆನಪಾಗುತ್ತದೆ.

ಮಹಾರಾಜರ ಕಾರುಗಳ ಬಗ್ಗೆ ಚಿಂತೆಯಿಲ್ಲ. ಮೈಸೂರು ಅರಮನೆಗೆ ರೋಲ್ಸ್ ರಾಯ್ಸ್ ಏಳೇಳರ ಲೆಕ್ಕದಲ್ಲಿ ಬರುತ್ತಿತ್ತಂತೆ, ಈ ಕಥೆ ಎಲ್ಲರ ಬಾಯಲ್ಲೂ ಇದೆ. ಅಂಥ ಕಾರುಗಳಿಗೆ ಫೋಟೋ ಇದೆ, ದಾಖಲೆ ಇದೆ, ಹುಡುಕಿಕೊಂಡು ಬರುವವರು ಇದ್ದಾರೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಕಾರ್ ಮ್ಯೂಸಿಯಂ ನೋಡಿಯೇ ಇರುತ್ತೀರಿ. ಕೊಯಮತ್ತೂರಿನಲ್ಲಿ ಜೀಡಿ ಮ್ಯೂಸಿಯಂ ಇದೆ. ಮರೆತು ಹೋಗುತ್ತಿರುವುದು ಊರ ಡಾಕ್ಟರ ಫಿಯಟ್, ತೋಟದ ಜೀಪು, ಸರ್ವೀಸ್ ಓಡಿಸುತ್ತಿದ್ದ ಡಾಡ್ಜ್. ಒಂದು ಊರಿನ ಅರ್ಧ ಜನ ಹೆರಿಗೆಗೆ, ಮದುವೆಗೆ, ಆಸ್ಪತ್ರೆಗೆ ಹೋಗಿದ್ದು ಅವುಗಳಲ್ಲಿ. ಅವುಗಳ ಚರಿತ್ರೆ ಇರುವುದು ನಿಮ್ಮ ಅಟ್ಟದ ಮೇಲೆ ಮಾತ್ರ.

ಡಾಡ್ಜ್ ಅಂದೆ. ಅದರಲ್ಲೂ ಒಂದು ತಮಾಷೆಯಿದೆ. ಐವತ್ತರ ದಶಕದ ಡಾಡ್ಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್, ಪ್ಲಿಮತ್, ಈ ಮೂರನ್ನು ಪಕ್ಕಪಕ್ಕ ನಿಲ್ಲಿಸಿದರೆ ಒಂದೇ ತಾಯಿಯ ಮಕ್ಕಳು ಅಂತ ಗೊತ್ತಾಗುತ್ತದೆ. ಮೂರೂ ಕ್ರೈಸ್ಲರ್ ಕಂಪನಿಯವು. ದೇಹ ಪ್ಲಿಮತ್‌ನದೇ. ಹೊರದೇಶಗಳಲ್ಲಿ ಬೇರೆ ಬೇರೆ ಡೀಲರುಗಳಿಗೆ ಮಾರಲು ಬೇರೆ ಗ್ರಿಲ್ಲು, ಬೇರೆ ಹೆಸರು ಅಂಟಿಸಿದರು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಇವನ್ನು ಜೋಡಿಸುತ್ತಿತ್ತು. ಹೀಗಾಗಿ, "ನಮ್ಮದು ಡಾಡ್ಜ್" ಅಂತ ಮೂರು ತಲೆಮಾರು ಹೇಳಿಕೊಂಡು ಬಂದ ಕಾರು ಪ್ಲಿಮತ್ ಆಗಿದ್ದರೂ ಆಶ್ಚರ್ಯವಿಲ್ಲ. ಯಾವತ್ತೋ ಗ್ರಿಲ್ಲು ಒಡೆದಿರುತ್ತದೆ, ಸಿಕ್ಕಿದ್ದನ್ನು ಹಾಕಿರುತ್ತಾರೆ. ಚಾಸಿ ನಂಬರು ನೋಡಿದರೆ ಸತ್ಯ ತಿಳಿಯುತ್ತದೆ.

ಫಿಯಟ್ 1100 ಸುಲಭ. ಮುಂದಿನ ಬಾಗಿಲ ಕೀಲು ಎಲ್ಲಿದೆ ನೋಡಿ. ನಮ್ಮಲ್ಲಿ 1954ರಲ್ಲಿ ಶುರುವಾದ ಹಳೇ ಮಾದರಿಯಲ್ಲಿ ಕೀಲು ನಡುಗಂಬದ ಮೇಲೆ, ಬಾಗಿಲು ಹಿಮ್ಮುಖವಾಗಿ ತೆರೆದುಕೊಳ್ಳುತ್ತದೆ. ಸೀರೆ ಉಟ್ಟವರಿಗೆ ಇಳಿಯಲು ಅನುಕೂಲ ಅಂತ ನಮ್ಮಜ್ಜಿ ಸರ್ಟಿಫಿಕೇಟು ಕೊಟ್ಟಿದ್ದರು. ಆಮೇಲೆ ಬಂದ ಡಿಲೈಟ್, ಪದ್ಮಿನಿಗಳಲ್ಲಿ ಕೀಲು ಮುಂದೆ, ಈಗಿನ ಕಾರಿನಂತೆ. ಅಂಬಾಸಿಡರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತಿದೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಒಂದೇ ಮಾತು. ಹಿಂದೆ ದೀಪದ ಮೇಲೆ ಪುಟ್ಟ ರೆಕ್ಕೆಯಂಥ ಏರು ಇದ್ದರೆ ಅಂಬಾಸಿಡರ್. ಬೆನ್ನು ಪೂರ್ತಿ ದುಂಡಗೆ ಇಳಿದಿದ್ದರೆ, ದಯವಿಟ್ಟು ಯಾರಿಗೂ ಕೊಡುವ ಮೊದಲು ಇನ್ನೊಮ್ಮೆ ನೋಡಿಸಿ. ಅದು ಅಂಬಾಸಿಡರಿಗಿಂತ ಮೊದಲಿನ ಲ್ಯಾಂಡ್‌ಮಾಸ್ಟರ್ ಇರಬಹುದು.

ವರ್ಷ ಪತ್ತೆ ಮಾಡುವುದು ಇದಕ್ಕಿಂತ ಮಜಾ. ಕಾರಿನ ಮೈಮೇಲೆಲ್ಲ ತಾರೀಕು ಬಿದ್ದಿರುತ್ತದೆ, ಓದುವವರಿಲ್ಲ ಅಷ್ಟೇ. ಬ್ರಿಟಿಷ್ ಮೂಲದ ಕಾರಿದ್ದರೆ ಲೂಕಾಸ್ ಕಂಪನಿಯ ಡೈನಮೊ ಬಿಚ್ಚಿ ಒರೆಸಿ. ಮೈಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಗಾಜಿನ ಮೂಲೆಯಲ್ಲಿ 'ಟ್ರಿಪ್ಲೆಕ್ಸ್' ಅಂತ ಸಣ್ಣ ಮುದ್ರೆ ಇದ್ದರೆ ಲೆನ್ಸು ಹಿಡಿದು ನೋಡಿ. ಅಕ್ಷರಗಳ ಮೇಲೆ, ಕೆಳಗೆ ಒಂದೊಂದು ಚುಕ್ಕೆ. ಯಾವ ಅಕ್ಷರದ ಹತ್ತಿರ ಚುಕ್ಕೆ ಇದೆ ಅನ್ನುವುದರ ಮೇಲೆ ಗಾಜು ಮಾಡಿದ ವರ್ಷದ ಕೊನೆಯ ಅಂಕಿ, ವರ್ಷದ ಯಾವ ಕಾಲು ಭಾಗ ಅನ್ನುವುದು ತಿಳಿಯುತ್ತದೆ. ದಶಕ ಮಾತ್ರ ಹೇಳುವುದಿಲ್ಲ. 1956ರದೋ 1966ರದೋ ನೀವೇ ಲೆಕ್ಕ ಹಾಕಿಕೊಳ್ಳಬೇಕು. ನಾಲ್ಕು ಗಾಜಿನಲ್ಲಿ ಮೂರು ಒಂದೇ ಚುಕ್ಕೆ ತೋರಿಸಿ ಒಂದು ಬೇರೆ ತೋರಿಸಿದರೆ, ಆ ಬದಿಗೆ ಎಂದೋ ಪೆಟ್ಟು ಬಿದ್ದಿದೆ ಅಂತ ಅರ್ಥ. "ಎಡಗಡೆ ಗುದ್ದಿದ್ರಾ?" ಅಂತ ಕೇಳಿದರೆ ಮನೆಯವರು ನನ್ನನ್ನು ಜ್ಯೋತಿಷಿ ನೋಡಿದ ಹಾಗೆ ನೋಡುತ್ತಾರೆ.

ಬಣ್ಣಕ್ಕೂ ಹೀಗೇ. ಹೊರಗೆ ನಾಲ್ಕು ಪದರ ಬಳಿದಿರಬಹುದು. ಸ್ಟೆಪ್ನಿ ಇಡುವ ಜಾಗದಲ್ಲಿ, ಡ್ಯಾಶ್‌ಬೋರ್ಡಿನ ಬೆನ್ನಿಗೆ, ಬಾಗಿಲಿನ ಒಳಪಟ್ಟಿ ಬಿಚ್ಚಿದರೆ ಒಳಗೆ ಯಾರೂ ಮುಟ್ಟಿರುವುದಿಲ್ಲ. ಅಲ್ಲಿ ಹುಟ್ಟುಬಣ್ಣ ಸಿಗುತ್ತದೆ.

ಇನ್ನು ನಂಬರ್ ಪ್ಲೇಟು. ಕೆಎ ಅನ್ನುವುದು ಬಂದದ್ದು 1988ರ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ ಮೇಲೆ. ಅದಕ್ಕೂ ಮೊದಲಿನ ಎಂವೈ, ಎಂಇ, ಸಿಎ ಅಂತ ಶುರುವಾಗುವ ನಂಬರುಗಳನ್ನು ಐವತ್ತು ದಾಟಿದವರೆಲ್ಲ ನೋಡಿದ್ದೀರಿ. ಎಂವೈ ಅಂದರೆ ಮೈಸೂರು. ರಾಜ್ಯದ ಹೆಸರು ಕರ್ನಾಟಕ ಅಂತ ಆಗಿದ್ದು 1973ರ ನವೆಂಬರ್ 1ಕ್ಕೆ. ಪ್ಲೇಟಿನ ಲೆಕ್ಕದಲ್ಲಿ ನಮ್ಮ ಹೆರಾಲ್ಡ್ ಕೊನೆವರೆಗೂ ಮೈಸೂರು ರಾಜ್ಯದಲ್ಲೇ ಓಡಾಡಿಕೊಂಡಿತ್ತು. ಇಂಥ ಪ್ಲೇಟನ್ನು ಬಿಚ್ಚಿ ಫ್ಯಾನ್ಸಿ ಅಕ್ಷರದ ಪ್ಲೇಟು ಹಾಕಿಸಿದವರನ್ನು ನೋಡಿದ್ದೇನೆ. ಹಳೇ ಪ್ಲೇಟು ಎಲ್ಲಿ ಅಂದರೆ, ನೀರಿನ ಹಂಡೆಗೆ ಮುಚ್ಚಳ!

ಪ್ಲೇಟೂ ಇಲ್ಲ, ಪುಸ್ತಕವೂ ಇಲ್ಲ ಅನ್ನುವವರು ಮದುವೆ ಆಲ್ಬಂ ತೆಗೆಯಿರಿ. ತಮಾಷೆ ಮಾಡುತ್ತಿಲ್ಲ. ಅರವತ್ತು ಎಪ್ಪತ್ತರ ದಶಕದ ಆಲ್ಬಂ ಇದ್ದರೆ ಗಂಡು ಹೆಣ್ಣು ಕಾರಿನ ಪಕ್ಕ ನಿಂತ ಒಂದು ಫೋಟೋ ಇದ್ದೇ ಇರುತ್ತದೆ. ಬಾನೆಟ್ ಮೇಲೆ ಸೇವಂತಿಗೆ ಹಾರ, ಅದರ ಕೆಳಗೆ ನಂಬರು. ಒಂದು ಮನೆಯಲ್ಲಿ ನಂಬರು ಓದಿಸಿಕೊಟ್ಟದ್ದು ಇಂಥದೇ ಒಂದು ಫೋಟೋ. ಒಂದು ಅಂಕಿ ಮಾತ್ರ ಮದುಮಗನ ಪಂಚೆಯ ಅಂಚಿಗೆ ಮುಚ್ಚಿಹೋಗಿತ್ತು. ಅದನ್ನು ಅಜ್ಜಿಯೇ ಹೇಳಿದರು, ಅರವತ್ತು ವರ್ಷ ಕಳೆದ ಮೇಲೂ ನೆನಪಿತ್ತು. ನಂಬರು ಸಿಕ್ಕಿದರೆ ನೋಂದಣಿಯಾದ ಕಚೇರಿಯಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಅವರ ರಿಜಿಸ್ಟರಿನಲ್ಲಿರುವ ಗಾಡಿಯ ವಿವರದ ನಕಲು, ಕೇಳಬಹುದು. ಹಳೇ ರಿಜಿಸ್ಟರು ಸಿಗುತ್ತದೋ ಇಲ್ಲವೋ ಅನ್ನುವುದು ನಿಮ್ಮ ಅದೃಷ್ಟ. ಒಂದು ಕಚೇರಿಯಲ್ಲಿ ನನಗೆ "ಆ ಪುಸ್ತಕ ಗೆದ್ದಲು ತಿಂದಿದೆ, ಆ ವರ್ಷದ್ದು ಮಾತ್ರ" ಅಂದಿದ್ದರು. ಬೇಕಾದ ವರ್ಷವನ್ನೇ ಆರಿಸಿ ತಿನ್ನುವ ಗೆದ್ದಲು.

ಇದೆಲ್ಲ ಯಾರಿಗೆ ಬೇಕು ಅನ್ನುವವರಿಗೆ ಕಾನೂನಿನ ಮಾತು ಹೇಳುತ್ತೇನೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಬೇರೆಯೇ ನೋಂದಣಿ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ಕಾರು, ಬೈಕುಗಳಿಗೆ ಇದು ಅನ್ವಯ. ನಮ್ಮಂಥ ಹುಚ್ಚರ ಲೆಕ್ಕದಲ್ಲಿ ವಿಂಟೇಜ್ ಅಂದರೆ 1919ರಿಂದ 1930ರವರೆಗಿನದು ಮಾತ್ರ, ಉಳಿದದ್ದಕ್ಕೆಲ್ಲ ಬೇರೆ ಹೆಸರಿದೆ. ಸರ್ಕಾರಕ್ಕೆ ಅಷ್ಟು ಮಡಿ ಇಲ್ಲ. ಅದರ ಲೆಕ್ಕದಲ್ಲಿ 1974ರ ಪದ್ಮಿನಿಯೂ ವಿಂಟೇಜೇ. ಒಳ್ಳೆಯದೇ ಆಯಿತು. ಹೊಸದಾಗಿ ನೋಂದಣಿ ಮಾಡಿಸಿದರೆ 20,000 ರೂಪಾಯಿ ಶುಲ್ಕ, ಹತ್ತು ವರ್ಷ ಊರ್ಜಿತ, ನವೀಕರಣಕ್ಕೆ 5,000. ಹೊಸ ನಂಬರಾದರೆ ಅದರಲ್ಲಿ 'ವಿಎ' ಅಂತ ಅಕ್ಷರ ಬರುತ್ತದೆ. ಮೊದಲೇ ನೋಂದಣಿ ಇದ್ದ ಗಾಡಿ ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ಎಂವೈ ಎಂವೈಯಾಗಿಯೇ ಉಳಿಯುತ್ತದೆ. ದಿನಾ ಆಫೀಸಿಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು.

ಇಲ್ಲಿ ಎರಡು ವಿಷಯ ಗಮನಿಸಿ. ಇಲ್ಲಿ ಮೊದಲೇ ನೋಂದಣಿಯಾಗಿದ್ದ ಗಾಡಿಯಾದರೆ ಅರ್ಜಿಯ ಜೊತೆ ಹಳೇ ಆರ್‌ಸಿ ಕೇಳುತ್ತಾರೆ. ಟ್ರಂಕಿನ ತಳದಲ್ಲಿರುವ ಆ ಪುಸ್ತಕಕ್ಕೆ ಈಗ ಬೆಲೆ ಬಂದಿದೆ ಅಂತಾಯಿತು. ಇನ್ನೊಂದು, ಗಾಡಿ ತನ್ನ ಮೂಲರೂಪದಲ್ಲಿ ಇರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಯಿಸಿರಬಾರದು. ಆ ಮೂಲರೂಪ ಯಾವುದು ಅಂತ ತೋರಿಸಬೇಕಾದವರು ನೀವೇ. ಆಗ ಬೋಲ್ಟಿನ ಮೇಲಿನ ಅಕ್ಷರ, ಗಾಜಿನ ಚುಕ್ಕೆ, ಮದುವೆ ಫೋಟೋ ಎಲ್ಲ ಕೆಲಸಕ್ಕೆ ಬರುತ್ತವೆ.

ಇದೇ ಕಾರಣಕ್ಕೆ ನಿಮ್ಮ ಮನೆ ಬಾಗಿಲಿಗೆ ಈಗ ಹೊಸ ಥರದ ಜನ ಬರುತ್ತಿದ್ದಾರೆ. "ಗಾಡಿ ಬೇಡ ಸಾರ್, ಬರೀ ಆರ್‌ಸಿ ಕೊಡಿ, ಸುಮ್ನೆ ಬಿದ್ದಿರುತ್ತಲ್ಲ" ಅನ್ನುತ್ತಾರೆ. ಚಾಸಿ ನಂಬರಿನ ತಗಡೊಂದನ್ನೇ ಕೇಳುವವರೂ ಇದ್ದಾರೆ. ಬೇರೆ ಯಾವುದೋ ಗಾಡಿಗೆ ನಿಮ್ಮ ಗಾಡಿಯ ಹೆಸರಿಡಲು ಅದು ಬೇಕು. ಆ ಗಾಡಿ ಎಲ್ಲಿಂದ ಬಂತು, ನಾಳೆ ಏನು ಮಾಡುತ್ತದೆ, ನಿಮಗೆ ಗೊತ್ತಿರುವುದಿಲ್ಲ. ಪೊಲೀಸರು ಹುಡುಕಿಕೊಂಡು ಬರುವುದು ಆ ಪುಸ್ತಕದಲ್ಲಿರುವ ಹೆಸರಿನವರ ಮನೆಗೆ. ಕಾಫಿ ಕೊಟ್ಟು ಕಳಿಸಿ. ಕಾಗದ ಕೊಡಬೇಡಿ.

ನಮ್ಮದೇ ಬಳಗದವರ ಮೇಲೂ ನನಗೊಂದು ತಕರಾರಿದೆ. ಹಳೇ ಕಾರು ಸಿಕ್ಕಿದ ಕೂಡಲೇ ಮೈಯೆಲ್ಲ ಉಜ್ಜಿಸಿ, ಕೆಂಪು ಬಣ್ಣ ಹೊಡೆಸಿ, ಅಗಲ ಟೈರು ಹಾಕಿಸಿ, ಕನ್ನಡಿಯಂತೆ ಹೊಳೆಸುತ್ತಾರೆ. ಉಜ್ಜುವ ಭರದಲ್ಲಿ ಕಂಪನಿಯ ತಗಡು ನುಣ್ಣಗಾಗಿ ಅಂಕಿಗಳೇ ಮಾಯ. ಮದ್ರಾಸಿನಲ್ಲಿ ಮಾಡಿದ ಹೆರಾಲ್ಡಿಗೆ ಟ್ರಯಂಫ್ ಅಂತ ಬ್ಯಾಡ್ಜ್ ಅಂಟಿಸಿ ಫಾರಿನ್ ಮಾಡುತ್ತಾರೆ. ಮದ್ರಾಸಿನದು ಅಂತ ಹೇಳಲು ಏನು ನಾಚಿಕೆ? ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಬರಲೇ ಇಲ್ಲ. ಅದು ನಮ್ಮಲ್ಲಿ ಮಾತ್ರ ಆದದ್ದು. ನಿಮ್ಮ ಹಿತ್ತಲಲ್ಲಿ ಅದಿದ್ದರೆ ಲಂಡನ್ನಿನವನು ಬಂದು ನೋಡಬೇಕು, ನಾವು ಅವನ ಬ್ಯಾಡ್ಜ್ ಹಾಕಿಕೊಳ್ಳುವುದಲ್ಲ. ನನ್ನ ಕೇಳಿದರೆ, ಬಣ್ಣ ಮಾಸಿದ, ಸೀಟು ಹರಿದ, ಆದರೆ ಹುಟ್ಟಿದ ಹಾಗೇ ಇರುವ ಕಾರಿಗೆ ಇರುವ ಕಳೆ ಹೊಳೆಸಿದ ಕಾರಿಗಿಲ್ಲ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಜಗಳ ಆಡಿದ್ದೇವೆ.

ಸರಿ, ಈಗ ನೀವು ಏನು ಮಾಡಬೇಕು? ಒಂದು ಭಾನುವಾರ ಬೆಳಿಗ್ಗೆ ಸಾಕು. ಟಾರ್ಪಾಲಿನ್ ತೆಗೆಯಿರಿ. ಹಾವು ಇರಬಹುದು, ಮೊದಲು ಕೋಲು ಆಡಿಸಿ. ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಬಾನೆಟ್ ಎತ್ತಿ, ಎಂಜಿನ್ ಹಿಂದಿನ ಗೋಡೆಯ ಮೇಲೆ ಕಂಪನಿಯ ತಗಡು ಇದೆಯಾ ನೋಡಿ. ಇದ್ದರೆ ಮೆತ್ತನೆಯ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ. ಸ್ಯಾಂಡ್‌ಪೇಪರ್ ಬೇಡವೇ ಬೇಡ. ಅಂಕಿ ಕಾಣದಿದ್ದರೆ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಚಿಕ್ಕವರಿದ್ದಾಗ ನಾಣ್ಯದ ಚಿತ್ರ ತೆಗೆಯುತ್ತಿದ್ದೆವಲ್ಲ, ಹಾಗೆ. ಆಮೇಲೆ ಟ್ರಂಕು, ಬೀರು, ದೇವರ ಮನೆಯ ಗೂಡು ಎಲ್ಲ ಹುಡುಕಿ. ಆರ್‌ಸಿ, ಹಳೇ ಇನ್ಶೂರೆನ್ಸ್, ತೆರಿಗೆ ರಸೀದಿ, ಗ್ಯಾರೇಜಿನ ಬಿಲ್ಲು ಸಿಕ್ಕಿದ್ದೆಲ್ಲ ಒಂದು ಕವರಿಗೆ ಹಾಕಿ. ಮನೆಯ ಹಿರಿಯರನ್ನು ಕೂರಿಸಿ ಕಾರು ಎಲ್ಲಿಂದ ಬಂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಕಾಗದಕ್ಕಿಂತ ಬೇಗ ಹೋಗುವುದು ಅವರ ನೆನಪು. ಟಾರ್ಪಾಲಿನನ್ನು ಮತ್ತೆ ಮೈಗೆ ಅಂಟುವ ಹಾಗೆ ಹೊದಿಸಬೇಡಿ, ಮಳೆಗಾಲದಲ್ಲಿ ಒಳಗೆ ಬೆವೆತು ತಗಡು ಕೊಳೆಯುತ್ತದೆ. ನಾಲ್ಕು ಗಳ ನೆಟ್ಟು ಮೇಲೆ ಶೀಟು ಹಾಕಿದರೂ ಸಾಕು.

ಆಮೇಲೆ ಮಾರಿ, ಇಟ್ಟುಕೊಳ್ಳಿ, ಮೊಮ್ಮಗನಿಗೆ ಕೊಡಿ. ನಿಮ್ಮಿಷ್ಟ.

ಕೊನೆಗೆ ನನ್ನದೊಂದು ಸ್ವಂತ ಕೆಲಸ. ನಮ್ಮ ಹೆರಾಲ್ಡನ್ನು ಗುಜರಿಯವನು ಕತ್ತರಿಸಲಿಲ್ಲ, ಶಿವಮೊಗ್ಗ ಕಡೆಯ ಯಾರೋ ಬಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋದರು ಅಂತ ಆಗಲೇ ಒಬ್ಬರು ಹೇಳಿದ್ದರು. ನಿಜವೋ ಸುಳ್ಳೋ ಗೊತ್ತಿಲ್ಲ. ಅಂದಿನಿಂದ ಎಲ್ಲೇ ಎರಡು ಬಾಗಿಲಿನ ಹೆರಾಲ್ಡ್ ಕಂಡರೂ ಮಾಲೀಕರನ್ನು ಕೇಳಿ ಬಾನೆಟ್ ಮಗುಚಿಸುತ್ತೇನೆ. ಇಲ್ಲಿಯವರೆಗೆ ಹನ್ನೊಂದು ನೋಡಿದ್ದೇನೆ. ನಿಮ್ಮ ಹತ್ತಿರ ಕಾಗದ ಇಲ್ಲದ ಒಂದು ಹೆರಾಲ್ಡ್ ಇದ್ದರೆ ಎಡಗಡೆಯ ಬಾಗಿಲು ತೆಗೆದು ಒಳಗಿನ ಅಂಚು ನೋಡಿ. ದೊಡ್ಡಪ್ಪ ಒಂದು ಸಲ ಗೇಟಿಗೆ ತಾಗಿಸಿ, ದೊಡ್ಡಮ್ಮನಿಗೆ ಗೊತ್ತಾಗಬಾರದು ಅಂತ ಆ ಜಾಗಕ್ಕೆ ಮನೆ ಕಿಟಕಿಯ ಹಸಿರು ಬಣ್ಣ ಬಳಿದಿದ್ದರು. ಹಸಿರು ಇದ್ದರೆ ನನಗೆ ತಿಳಿಸಿ. ಕಾರು ನಿಮ್ಮದೇ, ವಾಪಸ್ ಕೇಳುವುದಿಲ್ಲ. ಆರ್‌ಸಿ ಪುಸ್ತಕ ತಂದು ಕೊಟ್ಟು ಹೋಗುತ್ತೇನೆ.

ಇಂತಿ,
ನಿಮ್ಮ ಹಿತ್ತಲ ಕಡೆ ಇಣುಕುವ ಒಬ್ಬ ಬಸ್ ಪ್ರಯಾಣಿಕ